ಆರು ತಂತಿ, ಆರು ಮಾತ್ರೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಗಿಟಾರ್ ಕೊಳ್ಳುವುದು ಈಗ ಕಷ್ಟವಲ್ಲ. ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಉದ್ದನೆಯ ರಟ್ಟಿನ ಪೆಟ್ಟಿಗೆ ಮನೆಗೇ ಬರುತ್ತದೆ. ಕಷ್ಟವಿರುವುದು ಕಲಿಸುವವರನ್ನು ಹುಡುಕುವುದರಲ್ಲಿ. ಹೊನ್ನಾಳಿ, ನ್ಯಾಮತಿಯವರು ಶಿವಮೊಗ್ಗಕ್ಕೋ, ಜಗಳೂರಿನವರು ದಾವಣಗೆರೆಗೋ ಬಸ್ಸು ಹತ್ತುವ ಯೋಚನೆ ಮಾಡಬೇಕು. ಹಾಗಾಗಿ ಹೆಚ್ಚಿನವರಿಗೆ ವಿಡಿಯೊ ಪಾಠವೇ ಗುರು. ಆ ಪಾಠಗಳು ಬಹುಮಟ್ಟಿಗೆ ಒಂದೇ ಕಡೆಯಿಂದ ಶುರುವಾಗುತ್ತವೆ: ಎಡಗೈಯ ಯಾವ ಬೆರಳು ಯಾವ ತಂತಿಯ ಮೇಲೆ, ಕತ್ತಿನ ಎಷ್ಟನೆಯ ಅಡ್ಡಪಟ್ಟಿಯಲ್ಲಿ, ಎಂದರೆ ಫ್ರೆಟ್ಟಿನಲ್ಲಿ. ಉಕ್ಕಿನ ತಂತಿ ಬೆರಳ ತುದಿಯನ್ನು ಕೊರೆಯುತ್ತದೆ, ಒತ್ತಿದ ಸ್ವರ ಗೊರಗುಟ್ಟುತ್ತದೆ, ಹಾಡು ಮಾತ್ರ ಎಲ್ಲೂ ಕೇಳಿಸುವುದಿಲ್ಲ. ಸ್ವಲ್ಪ ದಿನದಲ್ಲೇ ವಾದ್ಯ ಬೀರುವಿನ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಎರಡು ಕಾರಣಗಳು ಕೇಳಿಬರುತ್ತವೆ. ನಮ್ಮೂರಲ್ಲಿ ಮೇಷ್ಟ್ರಿಲ್ಲ ಎಂಬುದು ಒಂದು. ರಾಕ್ ನಮ್ಮ ಸಂಗೀತವಲ್ಲ, ಅದಕ್ಕೆ ಬೇಕಾದ ಕಿವಿ ನಮಗಿಲ್ಲ ಎಂಬುದು ಇನ್ನೊಂದು. ಮೊದಲನೆಯದು ನಿಜವಾದ ತೊಂದರೆಯೇ. ಎರಡನೆಯದನ್ನು ಒಪ್ಪಲಾಗದು. ಹಳೆಯ ರಾಕ್ ಹಾಡೊಂದನ್ನು ಅಕೌಸ್ಟಿಕ್ ಗಿಟಾರಿನಲ್ಲಿ ನುಡಿಸಲು ಬೇಕಾದ ಕಿವಿ, ಲಯ ಎರಡರ ಬಹುಪಾಲು ಈ ತಾಲ್ಲೂಕುಗಳ ಭಜನಾ ಮಂಡಳಿಗಳಲ್ಲಿ, ಹಾರ್ಮೋನಿಯಂ ಮೇಷ್ಟ್ರು ನಡೆಸುವ ನಾಟಕದ ತಾಲೀಮಿನಲ್ಲಿ ಆಗಲೇ ಇದೆ. ಕಲಿಕೆ ಎಡಗೈಯಿಂದ ಶುರುವಾಗುವುದರಿಂದ ಆ ಬಂಡವಾಳ ಬಳಕೆಗೆ ಬರುತ್ತಿಲ್ಲ.

ಈ ಮಾತನ್ನು ಒರೆಗೆ ಹಚ್ಚಲು ಒಂದು ಹಾಡು ಬೇಕು. 'ದ ಹೌಸ್ ಆಫ್ ದ ರೈಸಿಂಗ್ ಸನ್' ಅದಕ್ಕೆ ತಕ್ಕದ್ದು. ಇಂಗ್ಲೆಂಡಿನ 'ದ ಅನಿಮಲ್ಸ್' ತಂಡ 1964ರ ಮೇ ತಿಂಗಳಲ್ಲಿ ಅದನ್ನು ಧ್ವನಿಮುದ್ರಿಸಿತು. ಅದೇ ವರ್ಷ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಅದು ಮೊದಲ ಸ್ಥಾನಕ್ಕೇರಿತು. ಹಿಲ್ಟನ್ ವ್ಯಾಲೆಂಟೈನ್ ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಂದೊಂದೇ ತಂತಿ ಬಿಡಿಸಿ ನುಡಿಸುವ ಆರಂಭ ಎಷ್ಟು ಪ್ರಸಿದ್ಧವೆಂದರೆ ಜಗತ್ತಿನ ಎಷ್ಟೋ ಗಿಟಾರ್ ಪಾಠಗಳಲ್ಲಿ ಅದಕ್ಕೆ ಜಾಗವಿದೆ. ಆದರೆ ಹಾಡು ಅವರು ಕಟ್ಟಿದ್ದಲ್ಲ. ಅದು ಅಮೆರಿಕದ ಜನಪದದ ಹಾಡು. 1933ರಲ್ಲಿ ಕ್ಲಾರೆನ್ಸ್ ಆಶ್ಲಿ ಮತ್ತು ಗ್ವೆನ್ ಫಾಸ್ಟರ್ ಅದನ್ನು ಗ್ರಾಮಫೋನ್ ತಟ್ಟೆಗೆ ಹಾಡಿದ್ದರು. 1937ರಲ್ಲಿ ಜನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಕೆಂಟಕಿಯ ಮಿಡಲ್ಸ್‌ಬರೊ ಎಂಬ ಸಣ್ಣ ಗಣಿ ಊರಿನಲ್ಲಿ ಜಾರ್ಜಿಯಾ ಟರ್ನರ್ ಎಂಬ ಹದಿನಾರರ ಹುಡುಗಿಯ ಬಾಯಲ್ಲಿ ಅದನ್ನು ಕೇಳಿ ದಾಖಲಿಸಿಕೊಂಡರು. 1962ರಲ್ಲಿ ಬಾಬ್ ಡಿಲನ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಅದನ್ನು ಹಾಡಿದ್ದು ಬರೀ ಅಕೌಸ್ಟಿಕ್ ಗಿಟಾರ್ ಹಿಡಿದು. ರಾಕ್ ಹಾಡನ್ನು ಕರೆಂಟಿಲ್ಲದ ಗಿಟಾರಿಗೆ ಇಳಿಸಿದರೆ ಅದರ ಕಸುವು ಹೋಗುತ್ತದೆ ಎನ್ನುವವರಿಗೆ ಈ ಹಾಡಿನ ಚರಿತ್ರೆಯೇ ಉತ್ತರ: ಇದು ಹುಟ್ಟಿ ಬೆಳೆದದ್ದು ಕರೆಂಟಿಲ್ಲದ ವಾದ್ಯಗಳ ಜೊತೆ, ಎಲೆಕ್ಟ್ರಿಕ್ ಗಿಟಾರ್ ಬಂದದ್ದು ಕೊನೆಯಲ್ಲಿ.

ಡಿಲನ್‌ಗೂ ಮೊದಲು ನ್ಯೂಯಾರ್ಕಿನಲ್ಲಿ ಈ ಹಾಡಿಗೆ ಈಗಿನ ರೂಪ ಕೊಟ್ಟವರು ಗಾಯಕ ಡೇವ್ ವ್ಯಾನ್ ರಾಂಕ್. ಹಳೆಯ ಧಾಟಿಯ ಕೆಳಗೆ ಅರ್ಧರ್ಧ ಸ್ವರ ಇಳಿಯುತ್ತಾ ಹೋಗುವ ಒಂದು ಮಂದ್ರದ ಎಳೆಯನ್ನು ಅವರು ಸೇರಿಸಿದರು. ಡಿಲನ್ ಅದನ್ನು ಎತ್ತಿಕೊಂಡ ಮೇಲೆ, ನೀವು ಡಿಲನ್‌ರಿಂದ ಕದ್ದಿರಿ ಎಂಬ ಮಾತು ಕೇಳಲಾರದೆ ವ್ಯಾನ್ ರಾಂಕ್ ಅದನ್ನು ಹಾಡುವುದನ್ನೇ ಬಿಟ್ಟರಂತೆ. ಮುಂದೆ ಅನಿಮಲ್ಸ್ ಹಾಡು ಬಂದಾಗ ಡಿಲನ್‌ಗೂ ಅದೇ ಗತಿಯಾಯಿತು ಎಂದು ವ್ಯಾನ್ ರಾಂಕ್ ನಗುತ್ತಲೇ ನೆನೆದಿದ್ದಾರೆ. ನಮ್ಮ ಕಲಿಯುವವರಿಗೆ ಮುಖ್ಯವಾದದ್ದು ಆ ಇಳಿಯುವ ಎಳೆ. ಹಾಡಿನ ಮೊದಲ ಸಾಲಿನ ಕಾರ್ಡುಗಳು ಎ ಮೈನರ್, ಸಿ, ಡಿ, ಎಫ್. ಕಾರ್ಡ್ ಎಂದರೆ ಒಟ್ಟಿಗೆ ಮೊಳಗುವ ಕನಿಷ್ಠ ಮೂರು ಸ್ವರಗಳ ಗುಂಪು. ಹಾರ್ಮೋನಿಯಂ ಬಲ್ಲವರು ಬಿಳಿ ಆರನ್ನು ಸಾ ಎಂದು ಹಿಡಿದರೆ ಈ ನಾಲ್ಕೂ ಅವರಿಗೆ ಅರ್ಥವಾಗುತ್ತವೆ. ಎ ಮೈನರ್ ಎಂದರೆ ಸಾ, ಕೋಮಲ ಗ, ಪ. ಸಿ ಎಂದರೆ ಕೋಮಲ ಗ, ಪ, ಕೋಮಲ ನಿ. ಡಿ ಎಂದರೆ ಮ, ಶುದ್ಧ ಧ, ಸಾ. ಎಫ್ ಎಂದರೆ ಕೋಮಲ ಧ, ಸಾ, ಕೋಮಲ ಗ. ಈಗ ಪ್ರತಿ ಗುಂಪಿನಿಂದ ಒಂದೊಂದೇ ಸ್ವರ ಆರಿಸಿ ಹಾಡಿ ನೋಡಬೇಕು: ಸಾ, ಕೋಮಲ ನಿ, ಶುದ್ಧ ಧ, ಕೋಮಲ ಧ. ಎರಡನೆಯ ಸಾಲು ಮತ್ತೆ ಎ ಮೈನರಿನಿಂದ ಶುರುವಾಗುವಾಗ ಆ ಇಳಿಜಾರು ಪಂಚಮಕ್ಕೆ ಬಂದು ನಿಲ್ಲುತ್ತದೆ. ಒಂದೇ ಹಾಡಿನಲ್ಲಿ ಎರಡೂ ಧೈವತ, ಒಂದರ ಬೆನ್ನಿಗೆ ಇನ್ನೊಂದು. ಎರಡನೆಯ ಸಾಲು ಇ ಕಾರ್ಡಿನಲ್ಲಿ ಮುಗಿಯುವಾಗ ಶುದ್ಧ ನಿಷಾದವೂ ಬರುತ್ತದೆ. ಆ ನಿಷಾದ ಸಾ ಕಡೆಗೆ ಎಳೆಯುವುದರಿಂದಲೇ ಹಾಡು ಮತ್ತೆ ಮೊದಲಿಗೆ ಬರುವಾಗ ಅಷ್ಟು ಸಹಜವೆನಿಸುತ್ತದೆ. ನಾಟಕದ ಪದಕ್ಕೆ ಹಾರ್ಮೋನಿಯಂ ಹಿಡಿದವರಿಗೆ ಈ ಎಳೆತ ಹೊಸದಲ್ಲ, ಅದಕ್ಕೆ ಕಾರ್ಡ್ ಎಂಬ ಹೆಸರಿರಲಿಲ್ಲ ಅಷ್ಟೇ.

ಇದನ್ನು ಸಿದ್ಧಾಂತವೆಂದು ತಳ್ಳಿಹಾಕುವ ಮುನ್ನ ಬೆರಳುಗಳನ್ನು ನೋಡಬೇಕು. ಎ ಮೈನರಿಗೂ ಸಿ ಕಾರ್ಡಿಗೂ ಕೋಮಲ ಗ, ಪ ಎರಡೂ ಸಾಮಾನ್ಯ. ಅದಕ್ಕೇ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಉಂಗುರದ ಬೆರಳು ಮಾತ್ರ ಎದ್ದು ಜಾಗ ಬದಲಿಸುತ್ತದೆ, ಉಳಿದೆರಡು ಕದಲುವುದಿಲ್ಲ. ಇ ಕಾರ್ಡಂತೂ ಎ ಮೈನರಿನದೇ ಆಕಾರ, ಹಾಗೇ ಒಂದು ತಂತಿ ಮೇಲಕ್ಕೆ ಸರಿಸಿದ್ದು. ಸ್ವರದ ಸಂಬಂಧ ತಿಳಿದವರಿಗೆ ಬೆರಳಿನ ಜಾಗವನ್ನು ನೆನಪಿಟ್ಟುಕೊಳ್ಳುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಬರೀ ಚಿತ್ರ ನೋಡಿ ಕಲಿಯುವವರಿಗೆ ಐದು ಕಾರ್ಡುಗಳು ಐದು ಒಗಟುಗಳು.

ಲಯದ ಮಾತು ಇನ್ನೂ ಗಟ್ಟಿಯಾದದ್ದು. ಹೊಸಬರು ಆರಿಸಿಕೊಳ್ಳುವ ಹೆಚ್ಚಿನ ರಾಕ್ ಹಾಡುಗಳು ನಾಲ್ಕು ಎಣಿಕೆಯವು. ಈ ಹಾಡು ಆರರದ್ದು, ನಮ್ಮ ಲೆಕ್ಕದಲ್ಲಿ ದಾದ್ರಾ. ಶ್ರಾವಣದ ಭಜನೆಯಲ್ಲಿ ತಬಲಾ ಪಕ್ಕ ಕೂತು ತಾಳ ಹಾಕಿದ ಮಗುವಿಗೆ ಕೆಹರವಾ, ದಾದ್ರಾಗಳ ಹೆಸರು ಗೊತ್ತಿಲ್ಲದಿದ್ದರೂ ಅವುಗಳ ನಡೆ ಮೈಯಲ್ಲಿರುತ್ತದೆ. ಡೊಳ್ಳು, ವೀರಗಾಸೆ ನೋಡಿ ಬೆಳೆದವರಿಗೆ ಪೆಟ್ಟಿನ ತೂಕದ ವ್ಯತ್ಯಾಸ ಕೇಳಿಸುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಗುರು ಸಂತ ಸೇವಾಲಾಲರ ಊರು. ಅಲ್ಲಿಗೆ ಬರುವ ಬಂಜಾರರ ಹಾಡುಗಳಲ್ಲಿ ನಗಾರಿಯ ಪೆಟ್ಟಿಗೆ ಕಾಲು, ಕೈ, ದನಿ ಮೂರೂ ಒಟ್ಟಿಗೆ ಬೀಳುತ್ತವೆ. ಇಂಥ ಕಡೆ ಬೆಳೆದವರಿಗೆ ಮೆಟ್ರೊನೋಮಿನ ಟಿಕ್‌ಟಿಕ್ ಹಾಕಿ ಲಯ ಹೇಳಿಕೊಡುವುದು ತಿಳಿದದ್ದನ್ನು ಮರೆಸಿ ಮತ್ತೆ ಕಲಿಸಿದ ಹಾಗೆ. ಅದರ ಬದಲು ಮೊಬೈಲಿನ ತಬಲಾ ಆ್ಯಪಿನಲ್ಲಿ ನಿಧಾನದ ದಾದ್ರಾ ಹಾಕಿಕೊಂಡು, ಎಡಗೈಯನ್ನು ಸುಮ್ಮನೆ ಬಿಟ್ಟು, ಬಲಗೈ ಒಂದರಿಂದಲೇ ಶುರುಮಾಡಬಹುದು. ಹೆಬ್ಬೆರಳಿಗೆ ದಪ್ಪ ತಂತಿ, ತೋರುಬೆರಳಿಗೆ ಮೂರನೆಯದು, ನಡುಬೆರಳಿಗೆ ಎರಡನೆಯದು, ಉಂಗುರದ ಬೆರಳಿಗೆ ಎಲ್ಲಕ್ಕಿಂತ ತೆಳ್ಳಗಿನ ಒಂದನೆಯದು. ದಪ್ಪ, ಮೂರು, ಎರಡು, ಒಂದು, ಎರಡು, ಮೂರು: ಸರಿಯಾಗಿ ಆರು ಮಾತ್ರೆ. ವ್ಯಾಲೆಂಟೈನ್ ತಂತಿ ಮೀಟುವ ಕಡ್ಡಿ ಹಿಡಿದು ನುಡಿಸಿದ್ದು ಇದಕ್ಕಿಂತ ಸ್ವಲ್ಪ ಸಿಕ್ಕಾದದ್ದು. ಆದರೆ ಈ ಸರಳ ಸುತ್ತು ಕೂತ ಮೇಲೆ ಅದು ತಾನಾಗಿ ಕೈಗೆ ಹತ್ತಿರ ಬರುತ್ತದೆ. ಒಂದು ಚರಣಕ್ಕೆ ಹದಿನಾರು ಸುತ್ತು, ಸುತ್ತಿಗೊಂದು ಕಾರ್ಡ್. ಬಲಗೈ ತಪ್ಪದೆ ಹದಿನಾರು ಸುತ್ತು ಮುಗಿಸುವವರೆಗೆ ಎಡಗೈಗೆ ಕೆಲಸ ಕೊಡದಿರುವುದೇ ವಾಸಿ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ದಾದ್ರಾ ಆರು ಮಾತ್ರೆಯದಾದರೂ ಅದರ ಒಳತೂಕ ಬೇರೆ. ನಾಲ್ಕನೆಯ ಮಾತ್ರೆ ಖಾಲಿ, ಕೈ ಚಪ್ಪಾಳೆ ಬಿಟ್ಟು ಬೀಸಿ ತೋರಿಸುವ ಜಾಗ. ರಾಕ್‌ನಲ್ಲಿ ಆರರ ನಡೆ ಬಂದಾಗ ಡ್ರಮ್ಮಿನ ಗಟ್ಟಿ ಪೆಟ್ಟು ಬೀಳುವುದು ಆ ನಾಲ್ಕರ ಮೇಲೆಯೇ. ನಾವು ಹಗುರ ಮಾಡುವಲ್ಲಿ ಅವರು ಒತ್ತುತ್ತಾರೆ. ಭಜನೆಯ ಕಿವಿ ಇಟ್ಟುಕೊಂಡು ನುಡಿಸಿದರೆ ಹಾಡು ಭಜನೆಯಂತೆಯೇ ಕೇಳಿಸುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಇದರಿಂದ ಸಾಬೀತಾಗುವುದೇನು? ಖಾಲಿ ಎಲ್ಲಿದೆ ಎಂದು ಬಲ್ಲವರಿಗೆ ಅಲ್ಲಿ ಪೆಟ್ಟು ಹಾಕಿ ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಖಾಲಿಯ ಅರಿವೇ ಇಲ್ಲದವರಿಗೆ ಅದನ್ನು ವಿವರಿಸಲು ವಾರಗಟ್ಟಲೆ ಬೇಕು. ಅಭ್ಯಾಸಕ್ಕೆ ದಾರಿಯೂ ಸುಲಭ: ದಾದ್ರಾ ಠೇಕಾ ಹಾಕಿಕೊಂಡು ನಾಲ್ಕರಲ್ಲಿ ಮಾತ್ರ ಚಪ್ಪಾಳೆ ತಟ್ಟುತ್ತಾ ಹಾಡನ್ನು ಗುನುಗುವುದು. ಮೊದಲು ಮೈ ಒಪ್ಪುವುದಿಲ್ಲ, ಮೊದಲ ಮಾತ್ರೆಯಾದ ಸಮ್ ಕಡೆಗೇ ಓಡುತ್ತದೆ. ಒಪ್ಪಿದ ದಿನ, ರಾಕ್ ಏಕೆ ಹಾಗೆ ತಲೆಯಾಡಿಸುವಂತೆ ಮಾಡುತ್ತದೆ ಎಂಬುದು ಪುಸ್ತಕ ಓದದೆ ತಿಳಿಯುತ್ತದೆ.

ಎಡಗೈಯ ಕಷ್ಟ ಸುಳ್ಳೆಂದು ಇದರರ್ಥವಲ್ಲ. ಸಾಮಾನ್ಯ ಉಕ್ಕಿನ ತಂತಿಯ ಗಿಟಾರಿನಲ್ಲಿ ಆರೂ ತಂತಿಗಳ ಬಿಗಿತ ಸೇರಿದರೆ ಸುಮಾರು 70 ಕಿಲೊ ತೂಕದ ಎಳೆತ. ಒತ್ತುವ ಜಾಗ ಫ್ರೆಟ್ಟಿನ ಪಟ್ಟಿಗೆ ತಾಗುವಷ್ಟು ಹತ್ತಿರ, ಅದರ ಹಿಂಭಾಗದಲ್ಲಿದ್ದರೆ ಕಡಿಮೆ ಬಲ ಸಾಕು. ಎರಡು ಪಟ್ಟಿಗಳ ನಡುವೆ ಒತ್ತುವುದರಿಂದಲೇ ಹೊಸಬರ ಸ್ವರ ಗೊರಗುಟ್ಟುವುದು. ಈ ಹಾಡಿನಲ್ಲಿ ಎಲ್ಲರೂ ಎಡವುವುದು ಎಫ್ ಕಾರ್ಡಿನಲ್ಲಿ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಹಾಕಬೇಕೆಂದು ಪಾಠಗಳು ಹೇಳುತ್ತವೆ. ಮೊದಲ ತಿಂಗಳುಗಳಲ್ಲಿ ಅದರ ಹಟ ಬೇಡ. ತೆಳ್ಳಗಿನ ನಾಲ್ಕು ತಂತಿಗಳಲ್ಲೇ ಎಫ್ ಪೂರ್ತಿ ಸಿಗುತ್ತದೆ, ಅಲ್ಲೂ ಮೊದಲ ತಂತಿಯನ್ನು ಒತ್ತದೆ ಬಿಟ್ಟರೆ ಕೋಮಲ ಧೈವತದ ಗುಂಪಿಗೆ ಪಂಚಮ ಬಂದು ಸೇರುತ್ತದೆ, ಕಿವಿಗೆ ಹಿತವಾಗಿಯೇ ಇರುತ್ತದೆ. ಅಂಗಡಿಯಲ್ಲಿ ತೆಳು ತಂತಿಯ ಸೆಟ್ ಕೇಳಿ ಹಾಕಿಸಿಕೊಳ್ಳುವುದರಲ್ಲಿ ಅವಮಾನವಿಲ್ಲ. ಹವೆಯನ್ನೂ ಗಮನಿಸಬೇಕು. ಮರದ ಗಿಟಾರಿಗೆ ಗಾಳಿಯ ತೇವ ಶೇ 45ರಿಂದ 55ರವರೆಗೆ ಇದ್ದರೆ ಒಳ್ಳೆಯದು. ಜಗಳೂರಿನ ಬೇಸಿಗೆಯ ಒಣಗಾಳಿಗೆ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಚಿನಲ್ಲಿ ಚುಚ್ಚತೊಡಗಬಹುದು. ಚನ್ನಗಿರಿ, ನ್ಯಾಮತಿಯ ಮಳೆಗಾಲದಲ್ಲಿ ಮೇಲ್ಹಲಗೆ ಉಬ್ಬಿ ತಂತಿ ಮೇಲೇರುತ್ತದೆ. ಆಗ ಒತ್ತುವುದು ಕಷ್ಟವಾದರೆ ತಪ್ಪು ಬೆರಳಿನದಲ್ಲ. ವಾದ್ಯವನ್ನು ಗೋಡೆಗೆ ನೇತುಹಾಕದೆ ಚೀಲದಲ್ಲಿ ಇಡುವುದು ಎರಡೂ ಕಡೆಗೆ ಸಲ್ಲುವ ಉಪಾಯ.

ಇದು ನಮ್ಮ ವಾದ್ಯವಲ್ಲ ಎಂಬ ವಾದಕ್ಕೆ ಬರೋಣ. ನಮ್ಮದೆಂದು ನಾವು ಎದೆಗೊತ್ತಿಕೊಂಡ ಹಾರ್ಮೋನಿಯಂ ಯಾರದು? ಅದರ ಪೇಟೆಂಟ್ ಪಡೆದವರು ಪ್ಯಾರಿಸ್ಸಿನ ಅಲೆಕ್ಸಾಂಡರ್ ದಬೆಂ, 1842ರಲ್ಲಿ. ಕೈಯಲ್ಲಿ ಗಾಳಿ ಹಾಕುವ, ನೆಲದ ಮೇಲೆ ಕೂತು ನುಡಿಸುವ ರೂಪ ಕೋಲ್ಕತ್ತಾದಲ್ಲಿ ಆಮೇಲೆ ಆಯಿತು. ಮೀಂಡ್, ಗಮಕ ಅದರಲ್ಲಿ ಬರುವುದಿಲ್ಲ, ಶ್ರುತಿಗಳು ಗಡುಸು ಎಂಬ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ ಸಡಿಲವಾದದ್ದು ಮೂರು ದಶಕಗಳ ಮೇಲೆ. ಆ ಮೂರು ದಶಕಗಳಲ್ಲೂ ನಮ್ಮ ಭಜನೆ, ಬಯಲಾಟ, ಕಂಪನಿ ನಾಟಕಗಳು ಹಾರ್ಮೋನಿಯಂ ಬಿಡಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು (1914–2010) ನೂರಾರು ಅಂಧ ಮಕ್ಕಳಿಗೆ ಹಾರ್ಮೋನಿಯಂ, ತಬಲಾ ಕಲಿಸಿ ಊರೂರಿಗೆ ಸಂಗೀತ ಮೇಷ್ಟ್ರುಗಳನ್ನು ಕೊಟ್ಟರು. ಪಿಟೀಲನ್ನು ಬಾಲುಸ್ವಾಮಿ ದೀಕ್ಷಿತರು, ಸ್ಯಾಕ್ಸೊಫೋನನ್ನು ನಮ್ಮ ಕದ್ರಿ ಗೋಪಾಲನಾಥರು ಒಲಿಸಿಕೊಂಡ ಕಥೆ ಎಲ್ಲರಿಗೂ ಗೊತ್ತು. ಗಿಟಾರೂ ಹೊಸದಾಗಿ ಬಂದ ನೆಂಟನಲ್ಲ. 1981ರ 'ಗೀತಾ' ಚಿತ್ರದಲ್ಲಿ ಶಂಕರ್ ನಾಗ್ ಗಾಯಕನ ಪಾತ್ರದಲ್ಲಿ ಗಿಟಾರ್ ಹಿಡಿದು ನಿಂತಾಗಲೇ, ಇಳಯರಾಜಾ ಸಂಗೀತದೊಂದಿಗೆ, ಅದು ಸಣ್ಣ ಊರುಗಳ ಟಾಕೀಸುಗಳಿಗೂ ಬಂದಾಗಿತ್ತು.

ಹಾರ್ಮೋನಿಯಂ ಮೇಲಿನ ಆ ಹಳೆಯ ದೂರೇ ಇಲ್ಲಿ ನಮ್ಮ ಪರ ಸಾಕ್ಷಿಯಾಗುತ್ತದೆ. ಸರಿಗಮದ ಕಿವಿ ಕಾರ್ಡುಗಳಿಗೆ ಒಗ್ಗುವುದಿಲ್ಲ, ನಮ್ಮ ಶ್ರುತಿಗಳು ಬೇರೆ ಎಂದು ಶಾಸ್ತ್ರ ಬಲ್ಲವರು ಹೇಳುತ್ತಾರೆ. ಗಾಯನದ ಮಟ್ಟಿಗೆ ಅದು ಸರಿ. ಗಿಟಾರಿನ ಫ್ರೆಟ್ಟುಗಳು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುತ್ತವೆ. ಒಂದೊಂದು ಫ್ರೆಟ್ಟಿಗೆ ಕಂಪನ ಸುಮಾರು 1.06 ಪಟ್ಟು ಏರಿ, ಹನ್ನೆರಡನೆಯದರಲ್ಲಿ ಸರಿಯಾಗಿ ಎರಡರಷ್ಟಾಗುತ್ತದೆ. ಅಂಗಡಿಯ ಹಾರ್ಮೋನಿಯಂಗಳನ್ನೂ ಸಾಮಾನ್ಯವಾಗಿ ಇದೇ ಲೆಕ್ಕದಲ್ಲಿ ಕೂಡಿಸುತ್ತಾರೆ. ಶಾಸ್ತ್ರಜ್ಞರು ಒಪ್ಪದ ಆ ಗಡುಸು ಶ್ರುತಿಯಲ್ಲೇ ಈ ಭಾಗದ ಕಿವಿ ಪಳಗಿರುವುದರಿಂದ ಗಿಟಾರ್ ಅಪಸ್ವರವೆನಿಸುವುದಿಲ್ಲ. ಲಯದ ಕಡೆಯಿಂದ ಗಿಟಾರಿಗೆ ಬಂದವರ ಉದಾಹರಣೆಯೂ ಇದೆ: ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತ್ ಗಿಟಾರನ್ನು ಗುರುವಿಲ್ಲದೆ, ತಾವೇ ಕಲಿತವರು. ಅದಕ್ಕೂ ಮೊದಲು ಅವರು ಕಲಿತದ್ದು ಭರತನಾಟ್ಯ. 2008ರ ಅವರ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದ ಗಿಟಾರಿನ ಜೊತೆ ಬಂದಾಗ ಅದು ಶರೀಫರದ್ದಲ್ಲ ಎಂದು ಅನ್ನಿಸದಿರಲು ಲಯ ಹಾಳಾಗದ್ದೇ ಕಾರಣ. ಒಬ್ಬರ ಉದಾಹರಣೆಯಿಂದ ನಿಯಮ ಮಾಡಲಾಗದು. ಆದರೆ ಮೊದಲು ಮೈಯಲ್ಲಿ ತಾಳ, ಆಮೇಲೆ ಕೈಯಲ್ಲಿ ತಂತಿ ಎಂಬ ಕ್ರಮದಲ್ಲೂ ಕಲಿಯಬಹುದು ಎಂಬುದಕ್ಕೆ ಅವರು ಸಾಲುತ್ತಾರೆ.

ವಿಡಿಯೊ ಸಾಲದೇ ಎಂದು ಕೇಳುವವರಿಗೆ: ಬೆರಳಿನ ಜಾಗ ತೋರಿಸಲು ಸಾಕು. ನಿಮ್ಮ ಕೈ ಲಯ ತಪ್ಪಿದ್ದನ್ನು ಅದು ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಊರಲ್ಲೇ ಇದ್ದಾರೆ, ತಬಲಾ ನುಡಿಸುವವರು. ಗಿಟಾರ್ ಮುಟ್ಟದ ತಬಲಾದವರೂ ನಾಲ್ಕನೆಯ ಮಾತ್ರೆ ಎಲ್ಲಿ ಜಾರಿತೆಂದು ತಟ್ಟನೆ ಹಿಡಿಯುತ್ತಾರೆ. ಇಂಗ್ಲಿಷ್ ಸಾಹಿತ್ಯದ ಭಯ ಇರುವವರು ಧಾಟಿಯನ್ನು ಮೊದಲು ಮಾತಿಲ್ಲದೆ 'ಆ'ಕಾರದಲ್ಲಿ ಹಾಡಿಕೊಳ್ಳಬಹುದು. ಹಾಡು ನ್ಯೂ ಆರ್ಲಿಯನ್ಸಿನ ಒಂದು ಮನೆಯಲ್ಲಿ ಹಾಳಾದ ಬದುಕಿನ ಗೋಳು, ಅದನ್ನು ತಿಳಿದು ಹಾಡಿದರೆ ಉಚ್ಚಾರ ಆಮೇಲೆ ತಿದ್ದಿಕೊಳ್ಳುತ್ತದೆ. ಭಜನೆಯವರ ಜೊತೆ ಕೂತು ನುಡಿಸುವುದಾದರೆ ಒಂದು ಅನುಕೂಲವಿದೆ. ಗಂಡಸರು ಸಾಮಾನ್ಯವಾಗಿ ಹಿಡಿಯುವ ಕರಿ ಒಂದಕ್ಕೆ ಬರಬೇಕಾದರೆ ಗಿಟಾರಿನ ನಾಲ್ಕನೆಯ ಫ್ರೆಟ್ಟಿಗೆ ಕೇಪೋ ಎಂಬ ಹಿಡಿಕೆ ಹಾಕಿದರಾಯಿತು. ಬೆರಳುಗಳ ಆಕಾರ ಅದೇ, ಸಾ ಮಾತ್ರ ಬಿಳಿ ಆರರಿಂದ ಕರಿ ಒಂದಕ್ಕೆ ಏರುತ್ತದೆ. ತಂತಿಯೂ ಸ್ವಲ್ಪ ಮೆತ್ತಗಾಗುತ್ತದೆ. ಹಳೆಯ ಹಾರ್ಮೋನಿಯಂಗಳ ಶ್ರುತಿ ಟ್ಯೂನರ್ ಆ್ಯಪಿಗೆ ಹೊಂದದೆ ಚೂರು ಮೇಲೋ ಕೆಳಗೋ ಇರುವುದುಂಟು. ಹಾರ್ಮೋನಿಯಂ ತಿದ್ದುವುದು ಕೂತಲ್ಲಿ ಆಗುವ ಕೆಲಸವಲ್ಲ. ಆದ್ದರಿಂದ ಆ್ಯಪ್ ಮುಚ್ಚಿಟ್ಟು, ಹಾರ್ಮೋನಿಯಂನ ಸಾ ಕೇಳಿಸಿಕೊಂಡು ಗಿಟಾರಿನ ಐದನೆಯ ತಂತಿಯನ್ನು ಮೊದಲು ಕೂಡಿಸಿಕೊಳ್ಳಬೇಕು, ಉಳಿದ ಐದನ್ನು ಅದಕ್ಕೆ ಹೊಂದಿಸಬೇಕು.